ಗರ್ಷಣೆ ಎಂದು ಬರೆದವಳು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ನಾನು 2005ರಲ್ಲಿ ಇಲ್ಲಿ ಎಸ್‌.ಎಸ್‌.ಎಲ್‌.ಸಿ. ಮುಗಿಸಿದವನು. ಆಮೇಲೆ ಪಿಯುಸಿ, ಬಿ.ಇ., ಬೆಂಗಳೂರು. ಅದರಲ್ಲಿ ವಿಶೇಷವೇನಿಲ್ಲ. ಮುಖ್ಯೋಪಾಧ್ಯಾಯರು "ನಿನ್ನ ಕೆಲಸದ ಬಗ್ಗೆ ಮಾತಾಡು" ಎಂದಿದ್ದಾರೆ. ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೇ ಹೇಳುತ್ತೇನೆ.

ಶಾಲಾ ಪಾಠಗಳನ್ನು ಮೊಬೈಲಿನಲ್ಲಿ ಕೊಡುವ ಒಂದು ಕಂಪನಿಯಲ್ಲಿ ಹುಡುಕಾಟದ ಭಾಗ ನನ್ನ ಪಾಲಿಗೆ ಬಂದಿತ್ತು. ಮಕ್ಕಳು ಹೆಚ್ಚು ಹೊತ್ತು ನಮ್ಮಲ್ಲೇ ಇರುವಂತೆ ಅದನ್ನು ಹೊಸದಾಗಿ ಮಾಡಿ ಎಂದರು. ನಾವು ದೊಡ್ಡ ಪೆಟ್ಟಿಗೆ, ಬಣ್ಣದ ಚಿತ್ರಗಳು, ಕೆಳಗೆ ಜನಪ್ರಿಯ ಪಾಠಗಳ ಸಾಲು, ಎಲ್ಲ ಇಟ್ಟೆವು. ನಿಮಿಷಗಳ ಲೆಕ್ಕ ಏರಿತು. ಕೇಕ್ ಕತ್ತರಿಸಿದೆವು.

ದೀಪಾವಳಿಗೆ ಊರಿಗೆ ಬಂದಾಗ ಎಂಟನೇ ತರಗತಿಯ ನನ್ನ ಅಕ್ಕನ ಮಗಳು ಅದೇ ಆ್ಯಪ್ ಹಿಡಿದು ಕುಳಿತಿದ್ದಳು. 'ಗರ್ಷಣೆ' ಎಂದು ಬರೆದಳು. ಏನೂ ಸಿಗಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು, ಸಿಗಲಿಲ್ಲ. ಚಿತ್ರಗಳನ್ನು ಅಲ್ಲಿ ಇಲ್ಲಿ ಒತ್ತಿದಳು. "ಮಾಮ, ನಿಮ್ಮದರಲ್ಲಿ ಆ ಪಾಠನೇ ಇಲ್ಲ" ಎಂದು ಫೋನ್ ಕೆಳಗಿಟ್ಟಳು. ಪಾಠ ಇತ್ತು. ಅವಳು ಅಲೆದಾಡಿದ ನಿಮಿಷಗಳೆಲ್ಲ ನಮ್ಮ ಲೆಕ್ಕದಲ್ಲಿ ಯಶಸ್ಸು!

ಇದೇ ಶಾಲೆಯಲ್ಲಿ ನಾನೂ ಎದ್ದು ನಿಂತು "ಗರ್ಷಣೆ ಅಂದ್ರೇನು ಸಾರ್" ಎಂದು ಕೇಳಿದವನೇ. ಮೇಷ್ಟ್ರು ಮೊದಲು ಡಸ್ಟರನ್ನು ಮೇಜಿನ ಮೇಲೆ ಉಜ್ಜಿ ಪಾಠ ಹೇಳಿದರು. ಆಮೇಲೆ ಬೋರ್ಡಿನ ಮೇಲೆ 'ಘ' ಬರೆದು ತಿದ್ದಿದರು.

ಹುಡುಕುವ ಯಂತ್ರ ಹಾಗಲ್ಲ. ಯಾವ ಪದ ಯಾವ ಪಾಠದಲ್ಲಿದೆ ಎಂಬ ಪಟ್ಟಿಯನ್ನು ಅದು ಮೊದಲೇ ಮಾಡಿಟ್ಟುಕೊಂಡಿರುತ್ತದೆ, ಪುಸ್ತಕದ ಕೊನೆಯ ಪದಸೂಚಿಯ ಹಾಗೆ. ಪಟ್ಟಿಯಲ್ಲಿ ಪದ ಇಲ್ಲದಿದ್ದರೆ ಅದರ ಮಟ್ಟಿಗೆ ಪಾಠವೂ ಇಲ್ಲ. ಬೆಂಗಳೂರಿಗೆ ಹಿಂತಿರುಗಿ, ಉತ್ತರ ಸಿಗದ ಹುಡುಕಾಟಗಳನ್ನೆಲ್ಲ ತೆಗೆದು ಒಂದೊಂದಾಗಿ ಓದಿದೆ. ನಾಚಿಕೆಯಾಯಿತು. 'ಕೋನ' ಇದೆ, 'ಕೋನಗಳನ್ನು' ಎಂದರೆ ಇಲ್ಲ. ಅಷ್ಟೇ ಅಲ್ಲ, 'ಕೋ' ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು, ಮೂರು ತುಂಡುಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಇವನ್ನು ಒಂದೇ ರೂಪಕ್ಕೆ ತರುವ ನಿಯಮ ಯೂನಿಕೋಡ್‌ನಲ್ಲೇ ಇದೆ. ನಾನು ಬಳಸಿರಲಿಲ್ಲ, ಅಷ್ಟೆ.

ಅದನ್ನು ಸರಿಪಡಿಸಿ, ವಿಭಕ್ತಿ ಪ್ರತ್ಯಯಗಳನ್ನು ಕಳಚಿ ನೋಡುವಂತೆ ಮಾಡಿದೆವು. ಅಲ್ಪಪ್ರಾಣ, ಮಹಾಪ್ರಾಣ ಒಂದೇ ಎಂದೆವು. ಉತ್ಸಾಹದಲ್ಲಿ 'ನ', 'ಣ' ಕೂಡ ಒಂದೇ ಎಂದುಬಿಟ್ಟೆವು. ಮರುದಿನ 'ಘನ' ಹುಡುಕಿದ ಮಕ್ಕಳಿಗೆ 'ಗಣ'ದ ಪಾಠ ಬಂತು! ಆರು ಮುಖದ ಘನ ಕೇಳಿದವರಿಗೆ ಗಣಗಳ ಸಂಯೋಗ, ಛೇದನ. ವ್ಯಾಕರಣದ ಮೇಡಂ ಇಲ್ಲೇ ನಗುತ್ತಿದ್ದಾರೆ. ಕೊನೆಗೆ, ಬರೆದಂತೆಯೇ ಇರುವ ಪದಕ್ಕೆ ಮೊದಲ ಸ್ಥಾನ, ಉಚ್ಚಾರ ಹೋಲುವುದಕ್ಕೆ ಅದರ ಕೆಳಗೆ ಜಾಗ ಎಂದು ಮಾಡಿದೆವು.

ಆಗ ಹುಡುಕಾಟದ ಪುಟದಲ್ಲಿ ಕಳೆಯುವ ನಿಮಿಷಗಳು ಇಳಿದವು. ಮ್ಯಾನೇಜರ್ ಕರೆದು, "ಮಕ್ಕಳು ಓಡಿ ಹೋಗ್ತಿದ್ದಾರಲ್ಲ?" ಎಂದರು. "ಪಾಠಕ್ಕೆ ಹೋಗ್ತಿದ್ದಾರೆ ಸಾರ್" ಎಂದೆ. ಹುಡುಕಿದ ಮೇಲೆ ಪಾಠ ತೆರೆದು, ಮತ್ತೆ ಪೆಟ್ಟಿಗೆಗೆ ವಾಪಸ್ ಬಾರದೆ ಅಲ್ಲೇ ಉಳಿದವರನ್ನು ಎಣಿಸೋಣ ಎಂದು ಕೇಳಿಕೊಂಡೆ. ಎರಡು ಸಭೆಗಳಲ್ಲಿ ವಾದ ನಡೆಯಿತು. ಅವರು ಪೂರ್ತಿ ಒಪ್ಪಲಿಲ್ಲ. ಕನ್ನಡದ ಭಾಗಕ್ಕೆ ಮಾತ್ರ ಹೊಸ ಲೆಕ್ಕ, ಉಳಿದದ್ದಕ್ಕೆ ಹಳೆಯದೇ ಎಂದಾಯಿತು. ಈಗಲೂ ಹಾಗೇ ಇದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡವಂತೂ ಇನ್ನೂ ಅರ್ಧ ಸಿಗುತ್ತದೆ, ಅರ್ಧ ಸಿಗುವುದಿಲ್ಲ. ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ.

ಅದಕ್ಕೇ ಮಕ್ಕಳೇ, ನಿಮ್ಮಲ್ಲಿ ಒಂದು ಕೋರಿಕೆ. ಕಂಪ್ಯೂಟರ್ ಕೋಣೆಯ ಬಾಗಿಲ ಬಳಿ ಒಂದು ನೋಟ್‌ಬುಕ್ ಕಟ್ಟಿದ್ದೇನೆ. ಹುಡುಕಿ ಸಿಗದ ಪದವನ್ನು ನೀವು ಹೇಗೆ ಬರೆದಿರೋ ಹಾಗೆಯೇ ಅದರಲ್ಲಿ ಬರೆಯಿರಿ. ತಿದ್ದಬೇಡಿ. ಮೇಷ್ಟ್ರು ತಿಂಗಳಿಗೊಮ್ಮೆ ಅದರ ಫೋಟೊ ತೆಗೆದು ನನಗೆ ಕಳಿಸಲು ಒಪ್ಪಿದ್ದಾರೆ. ಮೊದಲ ಪುಟದ ಮೊದಲ ಪದವನ್ನು ನನ್ನ ಅಕ್ಕನ ಮಗಳು ಆಗಲೇ ಬರೆದಿದ್ದಾಳೆ.