17 ಗಂಟೆ ಅಂದ್ರೆ ನಿಜಕ್ಕೂ ಎಷ್ಟು ಗಂಟೆ?

ಇವತ್ತು ಒಂದು ಲೆಕ್ಕದ ಕಥೆ. ಬಿ.ಕಾಂ. ಓದಿದ ನಾನೇ ತಪ್ಪಿದ ಲೆಕ್ಕ.

ಎರಡು ವರ್ಷದ ಹಿಂದೆ, ಜನವರಿಯ ಒಂದು ಮಂಗಳವಾರ ಬೆಳಿಗ್ಗೆ ಆರಕ್ಕೆ, ತಿಪಟೂರಿನ ಹತ್ತಿರ ನಮ್ಮೂರಲ್ಲಿ ತಾತ ತೀರಿಕೊಂಡರು. ಅವರು ಎತ್ತಿ ಆಡಿಸಿದ ಅಕ್ಕ ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ದೊಡ್ಡಪ್ಪ ಕೇಳಿದರು, "ಲೋ, ಅವಳು ಎಷ್ಟೊತ್ತಿಗೆ ಬರ್ತಾಳೆ?"

ಮೊಬೈಲ್ ತೆಗೆದು ನೋಡಿದೆ. ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ಸುಮಾರು 14,000 ಕಿಲೋಮೀಟರ್, 17 ಗಂಟೆ. "ನಾಳೆ ಬೆಳಿಗ್ಗೆ ಮನೇಲಿರ್ತಾಳೆ" ಅಂದೆ. ಅಕ್ಕನಿಗೂ ಫೋನಲ್ಲಿ, "ನೀನು ಬರೋವರೆಗೂ ಕಾಯ್ತೀವಿ" ಅಂತ ಮಾತು ಕೊಟ್ಟುಬಿಟ್ಟೆ.

ಆ ನಂಬರ್ ಸುಳ್ಳಲ್ಲ. 14,000 ಅನ್ನೋದು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ. ಗ್ಲೋಬ್ ಮೇಲೆ ಎರಡೂ ಊರಿಗೆ ದಾರ ಎಳೆದು ನೋಡಿ, ಅದು ಉತ್ತರ ಧ್ರುವದ ಕಡೆ ಹೋಗುತ್ತೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನ ಹಾಗೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್, ಕಾಕ್‌ಪಿಟ್‌ನಲ್ಲಿ ಎಲ್ಲರೂ ಮಹಿಳೆಯರೇ. ಸುಮಾರು 17 ಗಂಟೆ ಹಾರಾಟ. ಆದರೆ ಅಲ್ಲಿ 9ರ ರಾತ್ರಿ ಹೊರಟಿದ್ದು ಇಲ್ಲಿ ಇಳಿದಿದ್ದು 11ರ ಬೆಳಗಿನ ಜಾವ! ಯಾಕಂದ್ರೆ ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರಿಗಿಂತ 13.5 ಗಂಟೆ ಮುಂದೆ.

ಆದರೆ ನೇರ ವಿಮಾನ ದಿನಾ ಇರಲಿಲ್ಲ. ಅಕ್ಕನಿಗೆ ಸೀಟು ಸಿಕ್ಕಿದ್ದು ಮಾರನೇ ದಿನ ಮಧ್ಯಾಹ್ನದ ವಿಮಾನದಲ್ಲಿ, ಅಂದ್ರೆ ನಮ್ಮ ಬುಧವಾರ ಬೆಳಗಿನ ಜಾವ ಮೂರೂವರೆಗೆ. ಫ್ರಾಂಕ್‌ಫರ್ಟ್‌ಗೆ 11 ಗಂಟೆ. ಅಲ್ಲಿ ನಾಲ್ಕು ಗಂಟೆ ಕಾಯೋದು. ಬೆಂಗಳೂರಿಗೆ ಎಂಟೂವರೆ. ಇಮಿಗ್ರೇಷನ್, ಬ್ಯಾಗು ಒಂದು ಗಂಟೆ. ಊರಿಗೆ ಕಾರಲ್ಲಿ ಮೂರೂವರೆ. ಮನೆ ಬಾಗಿಲಿಗೆ ಬಂದಾಗ ಗುರುವಾರ ಬೆಳಿಗ್ಗೆ ಏಳೂವರೆ. ನಾನು ಹೇಳಿದ್ದು 17, ಆಗಿದ್ದು ನಲವತ್ತೊಂಬತ್ತೂವರೆ.

ಊರವರು ಅಷ್ಟು ಕಾಯಲಿಲ್ಲ. ಬುಧವಾರ ಮಧ್ಯಾಹ್ನ ಚಿತೆಗೆ ಬೆಂಕಿ ಇಟ್ಟಾಗ ಅಕ್ಕ ಆಕಾಶದಲ್ಲಿದ್ದಳು. ಅವಳಿಗೆ ಸಿಕ್ಕಿದ್ದು ಹಾಲು-ತುಪ್ಪ ಮಾತ್ರ.

ಅವಳು ನನ್ನನ್ನು ಬೈಯಲಿಲ್ಲ. ಒಂದೇ ಮಾತು: "ಗುರುವಾರ ಅಂತ ಮೊದಲೇ ಹೇಳಿದ್ರೆ ವಿಡಿಯೋ ಕಾಲಲ್ಲೇ ಮುಖ ನೋಡ್ತಿದ್ದೆ ಕಣೋ. ಕಾಯ್ತೀರಲ್ಲ ಅಂತ ನೋಡಲಿಲ್ಲ."

ಫ್ರೆಂಡ್ಸ್, ದೂರದಲ್ಲಿ ನಿಮ್ಮವರಿದ್ರೆ, ಹಾರಾಟದ ಗಂಟೆ ನೋಡಿ ಯಾರಿಗೂ ಮಾತು ಕೊಡಬೇಡಿ. ಟಿಕೆಟ್ ಆಯ್ತಾ, ಎಲ್ಲಿ ಎಷ್ಟು ಹೊತ್ತು ಕಾಯ್ಬೇಕು, ಇಲ್ಲಿ ಇಳಿಯೋದು ಯಾವ ವಾರ, ಎಷ್ಟು ಗಂಟೆಗೆ? ಇಷ್ಟು ಕೇಳಿ. ಆಮೇಲೆ ಏರ್‌ಪೋರ್ಟಿಂದ ಮನೆವರೆಗಿನ ದಾರಿ ಸೇರಿಸಿ. ಅದಕ್ಕೂ ಮೊದಲು, ವಿಡಿಯೋ ಕಾಲ್ ಮಾಡಿ ಮುಖ ತೋರಿಸಿ.

ಮುಂದಿನ ವಾರ ಸಿಗೋಣ.