ಕಂಪನಿ ಕರೆದರೂ ಕೇಳಿಸದ ಗಾಡಿಗಳು



ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ತಾಲ್ಲೂಕಿನ ಬೈಕುಗಳ ನಂಬರ್ ಪ್ಲೇಟು ಶುರುವಾಗುವುದು ಕೆಎ-24 ಎಂದೇ. ಹೊಲಕ್ಕೆ ಬುತ್ತಿ, ಡೇರಿಗೆ ಹಾಲು, ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೆಂಡತಿ ಮಕ್ಕಳು, ಎಲ್ಲ ಭಾರವೂ ಈ ಎರಡು ಗಾಲಿಗಳ ಮೇಲೆ. ಇಂಥ ಗಾಡಿಯ ಎಂಜಿನ್ನಿನಲ್ಲಿ ಕಾರ್ಖಾನೆಯಿಂದಲೇ ದೋಷ ಬಂದಿದ್ದರೆ ಅದನ್ನು ಸರಿಪಡಿಸುವ ಖರ್ಚು ಯಾರದು?

2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಬುಲೆಟ್, ಕ್ಲಾಸಿಕ್, ಮೀಟಿಯರ್ ಸೇರಿ 2,36,966 ಬೈಕುಗಳನ್ನು ವಾಪಸ್ ಕರೆಯಿತು. ದೋಷ ಇದ್ದದ್ದು ಇಗ್ನಿಷನ್ ಕಾಯಿಲ್‌ನಲ್ಲಿ. ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಅಷ್ಟರಲ್ಲಿ ಪ್ಲಗ್ಗಿನ ತುದಿಗೆ ಕಿಡಿ ಹಾರದು. ಅದನ್ನು ಸಾವಿರಾರು ವೋಲ್ಟಿಗೆ ಏರಿಸುವುದೇ ಕಾಯಿಲ್. ಒಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ, ಅದರ ಸುತ್ತ ಕರೆಂಟು ಸೋರದಂತೆ ಹೊದಿಕೆ. ಆ ಹೊದಿಕೆ ಸೋತರೆ ಕಿಡಿ ಒಮ್ಮೆ ಹಾರುತ್ತದೆ, ಒಮ್ಮೆ ತಪ್ಪುತ್ತದೆ. "ಗಾಡಿ ಮಿಸ್ಸಿಂಗ್ ಹೊಡೀತೈತಿ, ಪಿಕಪ್ ಇಲ್ರಿ" ಅಂತ ನಾವು ಗ್ಯಾರೇಜಿಗೆ ಹೋಗುತ್ತೇವೆ. ಮಿಸ್ತ್ರಿ ಪ್ಲಗ್ ಬಿಚ್ಚಿ ಉಜ್ಜುತ್ತಾನೆ, ಪೆಟ್ರೋಲಿನಲ್ಲಿ ನೀರು ಸೇರಿರಬೇಕು ಎನ್ನುತ್ತಾನೆ. ದುಡ್ಡು ನಮ್ಮದು, ದೋಷ ಇದ್ದಲ್ಲೇ ಇರುತ್ತದೆ. ಕಿತ್ತೂರಿನ ಹತ್ತಿರ ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದೆ ಹಾಕುವಾಗ ಎಂಜಿನ್ ಹೀಗೆ ಸೋತರೆ ಏನಾದೀತು, ಯೋಚಿಸಿ. ಅಪರೂಪಕ್ಕೆ ಶಾರ್ಟ್ ಸರ್ಕ್ಯೂಟ್ ಕೂಡ ಆಗಬಹುದೆಂದು ಕಂಪನಿಯೇ ಹೇಳಿತ್ತು. ನೂರಕ್ಕೆ ಹತ್ತಕ್ಕಿಂತ ಕಡಿಮೆ ಗಾಡಿಗಳಿಗಷ್ಟೇ ಹೊಸ ಕಾಯಿಲ್ ಬೇಕಾದೀತು ಎಂಬ ಅಂದಾಜಿದ್ದರೂ, ಆ ಗಾಡಿಗಳು ಯಾವುವೆಂದು ತಪಾಸಣೆ ಮಾಡದೆ ತಿಳಿಯುವಂತಿರಲಿಲ್ಲ. 2018ರಲ್ಲಿ ಯಮಹಾ ಕೂಡ ಎಂಜಿನ್ನಿನ ಹೆಡ್ ಕವರ್ ಬೋಲ್ಟು ಸಡಿಲಾಗುತ್ತದೆಂದು 23,897 ಬೈಕುಗಳನ್ನು ಕರೆದಿತ್ತು.

ಮೊದಲು ಇದೆಲ್ಲ ಕಂಪನಿಗಳ ಇಚ್ಛೆಗೆ ಬಿಟ್ಟದ್ದಾಗಿತ್ತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. 7 ವರ್ಷ ಮೀರದ ಗಾಡಿಗಳನ್ನು ವಾಪಸ್ ಕರೆಯಿರಿ ಎಂದು ಸರ್ಕಾರವೇ ಈಗ ಆದೇಶಿಸಬಹುದು, ಕಂಪನಿಗೆ 1 ಕೋಟಿ ರೂಪಾಯಿವರೆಗೆ ದಂಡವನ್ನೂ ಹಾಕಬಹುದು. ವಾಪಸ್ ಕರೆದ ಗಾಡಿಯ ಆ ರಿಪೇರಿಗೆ ಮಾಲೀಕ ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ.

ಆದರೆ ಕರೆ ಮುಟ್ಟುವುದು ಯಾರಿಗೆ? ದಾಖಲೆಯಲ್ಲಿ ಹೆಸರು, ಮೊಬೈಲ್ ನಂಬರ್ ಇದ್ದವರಿಗೆ. ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಗಾಡಿ ಕೈಯಿಂದ ಕೈಗೆ ದಾಟುತ್ತದೆ, ಆರ್‌ಸಿ ಮಾತ್ರ ಮೊದಲಿನವರ ಹೆಸರಿನಲ್ಲೇ ಉಳಿಯುತ್ತದೆ. ರಾಮದುರ್ಗದ ರೈತ ಓಡಿಸುವ ಗಾಡಿಯ ಸೂಚನೆ, ಅದನ್ನು ಎಂದೋ ಮಾರಿ ಮರೆತವರ ಫೋನಿಗೆ ಹೋಗುತ್ತದೆ. ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಕಾನೂನಿದೆ. ಬೈಲಹೊಂಗಲದ ಆರ್‌ಟಿಒ ಕಚೇರಿಗೆ ಯಾರು ಓಡಾಡುವವರು ಎಂದು ಮುಂದೂಡಬೇಡಿ. ಆದರೂ ಹೊಣೆಯನ್ನೆಲ್ಲ ಸವಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಹೊಗೆ ತಪಾಸಣೆಗೋ ವಿಮೆಗೋ ಹೋದಾಗಲೇ ಚಾಸಿ ನಂಬರ್ ನೋಡಿ, "ನಿಮ್ಮ ಗಾಡಿಯನ್ನು ಕಂಪನಿ ಕರೆದಿದೆ" ಎಂದು ಹೇಳುವ ವ್ಯವಸ್ಥೆ ಬರಲೇಬೇಕು.

ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು. ಚಾಸಿ ನಂಬರ್ ಆರ್‌ಸಿಯಲ್ಲೂ ಇದೆ, ಹೆಚ್ಚಿನ ಬೈಕುಗಳಲ್ಲಿ ಹ್ಯಾಂಡಲ್ ಕೆಳಗಿನ ಕಬ್ಬಿಣದ ಮೇಲೂ ಕೊರೆದಿರುತ್ತದೆ. ಮಣ್ಣು ಒರೆಸಿ ಓದಿ. ಒಟ್ಟು 17 ಅಕ್ಷರ-ಅಂಕಿಗಳು. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ, ಆದ್ದರಿಂದ ದುಂಡಗೆ ಕಂಡದ್ದು ಸೊನ್ನೆ. ಅದನ್ನು ಬರೆದುಕೊಂಡು ಯಾವುದೇ ಅಧಿಕೃತ ಶೋರೂಮಿನಲ್ಲಿ ಕೇಳಿ. ಕೆಲಸ ಮಾಡಿಕೊಡಲು ದುಡ್ಡು ಕೇಳಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೆಲಸ ಆದಮೇಲೆ ಯಾವ ಭಾಗ ಬದಲಾಯಿತೆಂದು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡು ಆರ್‌ಸಿ ಜೊತೆ ಇಡಿ. ನಾಳೆ ಗಾಡಿ ಮಾರಿದರೆ ಕೊಂಡವರಿಗೆ ಆ ಕಾಗದವನ್ನೂ ಕೊಡಿ.