ಹಬ್ಬದ ಸಿಹಿ ಹಬ್ಬಕ್ಕಿರಲಿ

ಮಾತೆ ಮರಿಯಮ್ಮನವರ ಜನನೋತ್ಸವ, ತೆನೆ ಹಬ್ಬ (ಸೆಪ್ಟೆಂಬರ್ 8)
ಶುಭಸಂದೇಶ: ಮತ್ತಾಯ 1:1-16, 18-23



ಒಂಬತ್ತು ದಿನಗಳಿಂದ ನಮ್ಮ ಮಕ್ಕಳು ಹೂವಿನ ಬುಟ್ಟಿ ಹಿಡಿದು ದೇವಾಲಯಕ್ಕೆ ಬಂದು ಬಾಲೆ ಮರಿಯಮ್ಮನವರಿಗೆ ಹೂ ಅರ್ಪಿಸಿದ್ದಾರೆ. ಇಂದು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೂ ಕೊಂಡೊಯ್ಯುತ್ತಿದ್ದೇವೆ. ಘಟ್ಟದ ಕೆಳಗಿನಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳಿಗೆ ಇದು ಮೊಂತಿ ಹಬ್ಬ. ಮಂಗಳೂರಿನ ಸಮೀಪದ ಪರಂಗಿಪೇಟೆಯ ಮೊಂತೆ ಮರಿಯಾನೊ ದೇವಾಲಯದಿಂದ ಈ ಹೆಸರು ಬಂದಿತೆಂದೂ, 18ನೇ ಶತಮಾನದಲ್ಲಿ ಅಲ್ಲಿದ್ದ ವಂದನೀಯ ಜೊವಾಕಿಂ ಮಿರಾಂದಾ ಗುರುಗಳು ಈ ಆಚರಣೆಗೆ ನಾಂದಿ ಹಾಡಿದರೆಂದೂ ಹಿರಿಯರು ಹೇಳುತ್ತಾರೆ. ಬಯಲುಸೀಮೆಯಿಂದ ಬಂದವರಿಗೆ ಇದು ಮರಿಯಮ್ಮನವರ ಹುಟ್ಟುಹಬ್ಬ.

ಇಂದಿನ ಊಟವನ್ನು ಒಮ್ಮೆ ಗಮನಿಸಿ. ಆಶೀರ್ವದಿಸಿದ ತೆನೆಯ ಕಾಳನ್ನು ಸುಲಿದು, ಪಾಯಸದಲ್ಲೋ ತೆಂಗಿನ ಹಾಲಿನಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಯೆಲೆಯ ಮೇಲೆ ಮೂರು, ಐದು, ಏಳು ಅಥವಾ ಒಂಬತ್ತು ಬಗೆಯ ತರಕಾರಿ. ಮೀನು ಮಾಂಸ ಇಲ್ಲ. ಬೆಂಡೆ, ಹೀರೆ, ಅಲಸಂಡೆ, ಹರಿವೆ, ಕೆಸುವಿನ ದಂಟು, ಎಲ್ಲವೂ ಮಳೆಗಾಲದ ಹಿತ್ತಲಲ್ಲಿ ಬೆಳೆಯುವಂಥವು. ಪೂಜೆ ಮುಗಿದ ಮೇಲೆ ಮಕ್ಕಳ ಕೈಗೆ ಒಂದೊಂದು ಕಬ್ಬಿನ ತುಂಡು. ಹಲ್ಲಿನಿಂದ ಸಿಗಿದು, ಜಗಿದು, ಕಷ್ಟಪಟ್ಟ ಮೇಲೆ ಸಿಗುವ ಸಿಹಿ ಅದು. ನಮ್ಮ ಹಿರಿಯರು ಬಡವರಾಗಿದ್ದರು, ಆದರೆ ಅವರಿಗೆ ಒಂದು ವಿಷಯ ತಿಳಿದಿತ್ತು: ದಿನದ ಊಟ ಸರಳ, ಹಬ್ಬದ ದಿನ ಸಿಹಿ. ಈಗ ನಮ್ಮಲ್ಲಿ ದಿನವೂ ಸಿಹಿ. ಆದ್ದರಿಂದಲೇ ಹಬ್ಬದ ಪಾಯಸ ಮಕ್ಕಳಿಗೆ ರುಚಿಸುವುದಿಲ್ಲ, ಅಜ್ಜ ಅಜ್ಜಿಯರಿಗೆ ಕೊಡುವ ಹಾಗಿಲ್ಲ.

ರೂತಳ ಮಡಿಲು

ಇಂದಿನ ಶುಭಸಂದೇಶದಲ್ಲಿ ಹೆಸರುಗಳ ಉದ್ದನೆಯ ಪಟ್ಟಿಯನ್ನು ಕೇಳಿದಿರಿ. ಅದರಲ್ಲಿ ರೂತ್ ಎಂಬ ಹೆಸರಿದೆ. ಗಂಡನನ್ನು ಕಳೆದುಕೊಂಡವಳು, ಪರದೇಶದವಳು. ಅತ್ತೆ ನವೊಮಿಯನ್ನು ಕೈಬಿಡದೆ ಬೆತ್�ೆಹೇಮಿಗೆ ಬಂದು, ಜವೆಗೋಧಿಯ ಕೊಯ್ಲಿನ ಕಾಲದಲ್ಲಿ ಬೋವಜನ ಹೊಲದಲ್ಲಿ ಹಕ್ಕಲು ಆಯ್ದಳು. ಮಧ್ಯಾಹ್ನ ಆಳುಗಳ ಜೊತೆ ಕುಳಿತು ರೊಟ್ಟಿಯನ್ನು ಹುಳಿರಸದಲ್ಲಿ ಅದ್ದಿ ತಿಂದಳು. ಬೋವಜನು ಕೊಟ್ಟ ಹುರಿದ ಕಾಳನ್ನು ಹೊಟ್ಟೆತುಂಬ ತಿಂದು, ಉಳಿದದ್ದನ್ನು ಜೋಪಾನವಾಗಿ ತೆಗೆದಿಟ್ಟಳು. ಸಂಜೆ ಮನೆಗೆ ಹೋಗಿ ಅದನ್ನು ಅತ್ತೆಗೆ ಕೊಟ್ಟಳು.

ಮಿತವ್ಯಯಕ್ಕೂ ಜಿಪುಣತನಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಜಿಪುಣ ತನಗಾಗಿ ಕೂಡಿಡುತ್ತಾನೆ. ರೂತಳು ಉಳಿಸಿದ್ದು ಮನೆಯಲ್ಲಿ ಹಸಿದು ಕುಳಿತ ಮುದುಕಿಗಾಗಿ. ಇಂಥ ಅಡುಗೆಮನೆಗಳ ವಂಶದಲ್ಲಿ ದಾವೀದನು ಹುಟ್ಟಿದನು, ಆ ವಂಶದಲ್ಲೇ ನಮ್ಮ ಪ್ರಭುವೂ ಹುಟ್ಟಿದರು. ಮೂರು ಸೇರು ಹಿಟ್ಟಿಗೆ ಹುಳಿ ಬೆರೆಸಿ ನಾದುವ ಹೆಂಗಸಿನ ಸಾಮತಿಯನ್ನು ಯೇಸುಸ್ವಾಮಿ ಹೇಳಿದಾಗ, ನಜರೇತಿನ ಮನೆಯಲ್ಲಿ ತಾಯಿ ಹಿಟ್ಟು ನಾದುವುದು ಅವರ ನೆನಪಿನಲ್ಲಿ ಇದ್ದಿರಬೇಕು.

ಸಕ್ಕರೆಯ ಲೆಕ್ಕ

ಪ್ರಿಯರೇ, ನಾನು ವೈದ್ಯನಲ್ಲ. ಆದರೆ ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವ ಗುರು. ಕಾಲಿನ ಗಾಯ ಮಾಯದವರನ್ನು, ಕಣ್ಣು ಮಂಜಾದವರನ್ನು, ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗುವವರನ್ನು ನೋಡುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ.

ಮೇಲಿಂದ ಹಾಕುವ ಸಕ್ಕರೆ ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಹಾ ಚಮಚ ಮೀರದಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಹಲವು ತಂಪು ಪಾನೀಯಗಳಲ್ಲಿ 100 ಮಿಲಿಲೀಟರಿಗೆ 10 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಅಂಥ 300 ಮಿಲಿಲೀಟರಿನ ಒಂದೇ ಬಾಟಲಿಯಲ್ಲಿ ಇಡೀ ದಿನದ ಪಾಲು ಮುಗಿದುಹೋಗುತ್ತದೆ. ಇನ್ನು ನಮ್ಮ ಮನೆಯ ಲೆಕ್ಕ. ನಾಲ್ಕು ಜನ ದಿನಕ್ಕೆರಡು ಲೋಟ ಚಹಾ ಕುಡಿದು, ಲೋಟಕ್ಕೆ ಎರಡು ಚಮಚ ಹಾಕಿಕೊಂಡರೆ ತಿಂಗಳಿಗೆ ಎರಡು ಕಿಲೋ ಹತ್ತಿರ ಸಕ್ಕರೆ. ಒಂದು ಚಮಚಕ್ಕೆ ಇಳಿಸಿದರೆ ತಿಂಗಳಿಗೆ ಒಂದು ಕಿಲೋ ಉಳಿಯಿತು. ಒಮ್ಮೆಗೇ ಬೇಡ, ವಾರಕ್ಕೆ ಕಾಲು ಚಮಚ ಇಳಿಸಿ. ನಾಲಿಗೆ ಒಪ್ಪಿಕೊಳ್ಳುತ್ತದೆ.

ಮಕ್ಕಳ ಹಾಲಿಗೆ ಬೆರೆಸುವ ಪುಡಿಯ ಡಬ್ಬಿಯನ್ನೂ ತಿರುಗಿಸಿ ಓದಿ. ಅಂಥ ಪೇಯಗಳನ್ನು ‘ಆರೋಗ್ಯ ಪೇಯ’ ಎಂಬ ವಿಭಾಗದಲ್ಲಿ ಮಾರಬಾರದೆಂದು ಕೇಂದ್ರದ ವಾಣಿಜ್ಯ ಸಚಿವಾಲಯ 2024ರಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಬೇಕಾಯಿತು. ಮತ್ತೊಂದು ಮಾತು: ಸಕ್ಕರೆ ಬಿಟ್ಟೆವೆಂದು ಅಷ್ಟೇ ಬೆಲ್ಲ ಹಾಕಿಕೊಳ್ಳುವವರಿದ್ದಾರೆ. ಬೆಲ್ಲವೂ ಕಬ್ಬಿನ ಮಗುವೇ. ರಕ್ತಕ್ಕೆ ಸೇರಿದ ಮೇಲೆ ಅಣ್ಣ ತಮ್ಮಂದಿರಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕ್ರಿಸ್ಮಸ್‌ಗೆಂದು ಮನೆಯಲ್ಲಿ ಮಾಡುವ ದ್ರಾಕ್ಷಿ ವೈನಿಗೆ ಎಷ್ಟು ಸಕ್ಕರೆ ಸುರಿಯುತ್ತೀರೆಂದು ನಾನು ಕೇಳುವುದಿಲ್ಲ, ನಿಮಗೇ ಗೊತ್ತು. ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದೇ ಎಂದಲ್ಲ. ಏನು ಹಾಕಿದ್ದೇವೆಂದು ನಮಗೆ ತಿಳಿದಿರುತ್ತದೆ, ಕಡಿಮೆ ಮಾಡುವುದು ನಮ್ಮ ಕೈಯಲ್ಲಿರುತ್ತದೆ, ಅದೇ ಅದರ ಹಿರಿಮೆ.

ನಮ್ಮ ಮನೆಯ ಪಾನಗಳು

ಹಾಗಾದರೆ ಏನು ಕುಡಿಯೋಣ? ಎರಡು ಸೀಮೆಯ ಜನ ನಾವು, ನಮಗೇನು ಕೊರತೆ!

ಬಯಲುಸೀಮೆಯ ಅಮ್ಮಂದಿರಿಗೆ ರಾಗಿ ಅಂಬಲಿ ಹೇಳಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಮೂರು ಲೋಟ ನೀರಿಗೆ ಸುರಿದು, ಹಸಿ ವಾಸನೆ ಹೋಗುವವರೆಗೆ ಕೈಯಾಡಿಸಿ. ಆರಿದ ಮೇಲೆ ಮಜ್ಜಿಗೆ, ಸ್ವಲ್ಪ ಉಪ್ಪು, ಹೆಚ್ಚಿದ ಈರುಳ್ಳಿ. ಕರಾವಳಿಯವರಿಗೆ ಪುನರ್ಪುಳಿ ಇದೆ. ಏಪ್ರಿಲ್ ಮೇ ತಿಂಗಳಲ್ಲಿ ಹಣ್ಣಾದಾಗ ಸಿಪ್ಪೆ ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆ. ನಾಲ್ಕು ಸಿಪ್ಪೆ ನೆನೆಹಾಕಿ ಕಿವುಚಿ, ಜಜ್ಜಿದ ಜೀರಿಗೆ, ಚಿಟಿಕೆ ಉಪ್ಪು ಸೇರಿಸಿ. ಅಂಗಡಿಯ ಪುನರ್ಪುಳಿ ಸಿರಪ್ಪಿನ ಬಹುಪಾಲು ಸಕ್ಕರೆಯೇ. ಎರಡೂ ಸೀಮೆಗೆ ಸೇರಿದ್ದು ಮಜ್ಜಿಗೆ. ಒಂದು ಲೋಟ ಮೊಸರು ಮೂರು ಲೋಟ ನೀರಾಗಿ, ಶುಂಠಿ ಕರಿಬೇವು ಸೇರಿ ನಾಲ್ಕು ಜನರ ದಾಹ ತಣಿಸುತ್ತದೆ. ರಾತ್ರಿ ಉಳಿದ ಕುಚ್ಚಲಕ್ಕಿ ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಗ್ಗೆ ಮಜ್ಜಿಗೆ, ಉಪ್ಪಿನಕಾಯಿಯ ಜೊತೆ ಊಟ.

ಸಕ್ಕರೆ ಕಾಯಿಲೆಯವರು ಅಂಬಲಿ, ಗಂಜಿಯನ್ನೂ ಅಳತೆಯಲ್ಲಿ ಕುಡಿಯಬೇಕು. ರಕ್ತದೊತ್ತಡ ಇರುವವರು ಉಪ್ಪು ಕಡಿಮೆ ಮಾಡಬೇಕು. ವೈದ್ಯರು ಕೊಟ್ಟ ಮಾತ್ರೆಯನ್ನು ಮಾತ್ರ ಯಾರೂ ಬಿಡಬಾರದು.

ಯಾರ ಕೈ ದುಡಿಯಬೇಕು?

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ‘ಎಲ್ಲವನ್ನೂ ಮನೆಯಲ್ಲೇ ಮಾಡಿ’ ಎಂದು ಗುರುಗಳು ಹೇಳಿದರೆ ಗಂಡಸರು ತಲೆಯಾಡಿಸುತ್ತಾರೆ, ಹೆಂಗಸರು ನಿಟ್ಟುಸಿರು ಬಿಡುತ್ತಾರೆ. ಬೆಳಗ್ಗೆ ಐದಕ್ಕೆ ಎದ್ದು ತೋಟದ ಕೆಲಸಕ್ಕೋ, ಗಾರ್ಮೆಂಟ್ಸ್‌ಗೋ, ಶಾಲೆಗೋ ಹೋಗುವ ತಾಯಿಯ ಬೆನ್ನ ಮೇಲೆ ಇನ್ನೊಂದು ಹೊರೆ ಹಾಕುವುದು ಮಿತವ್ಯಯವಲ್ಲ. ಅದು ಅವಳ ಆರೋಗ್ಯವನ್ನು ಖರ್ಚು ಮಾಡಿ ನಮ್ಮ ದುಡ್ಡು ಉಳಿಸಿದಂತೆ. ಇಂದು ಹೆಣ್ಣುಮಗುವೊಂದು ಹುಟ್ಟಿದ ಹಬ್ಬ. ಆದ್ದರಿಂದ ತಂದೆಯರೇ, ಗಂಡುಮಕ್ಕಳೇ, ಮಜ್ಜಿಗೆ ಕಡೆಯುವುದು, ಅಂಬಲಿಗೆ ಕೈಯಾಡಿಸುವುದು, ಹಿತ್ತಲಲ್ಲಿ ನಾಲ್ಕು ಬೆಂಡೆ ಬೀಜ ಊರುವುದು ನಿಮಗೂ ಬರಲಿ. ತೋಟವಿಲ್ಲದ ಬಾಡಿಗೆ ಮನೆಯವರು ಹಳೆಯ ಬಕೆಟ್ಟಿನಲ್ಲಿ ಹರಿವೆ, ಮೆಂತ್ಯ ಬೆಳೆಯಬಹುದು. ಹೆಣ್ಣುಮಗಳು ಬಡಿಸಿ ಕಡೆಗೆ ಉಳಿದದ್ದನ್ನು ತಿನ್ನುವ ಮನೆಯಲ್ಲಿ ಮರಿಯಮ್ಮನವರ ಹುಟ್ಟುಹಬ್ಬ ಪೂರ್ಣವಾಗುವುದಿಲ್ಲ.

ಇನ್ನೊಂದು ಹೊರೆ ಮರ್ಯಾದೆಯದು. ಮಗುವಿನ ಪ್ರಥಮ ಪರಮಪ್ರಸಾದಕ್ಕೆ, ನಿಶ್ಚಿತಾರ್ಥಕ್ಕೆ ಬಾಟಲಿಗಳ ಪೆಟ್ಟಿಗೆ ತರಿಸದಿದ್ದರೆ ನೆಂಟರು ಏನೆಂದಾರು ಎಂಬ ಭಯ. ಸಂಘದಲ್ಲಿ ಸಾಲ ಎತ್ತಿ ಪಾನೀಯ ಹಂಚುವವರಿದ್ದಾರೆ. ಅತಿಥಿಗೆ ಮಜ್ಜಿಗೆ ಕೊಡುವುದು ಅವಮಾನವೆಂದು ಯಾರು ಹೇಳಿದರು? ಮನೆಗಳ ಆಶೀರ್ವಾದಕ್ಕೆ ಬಂದಾಗ ಒಂದು ಸಂಜೆ ಹತ್ತು ಮನೆ, ಹತ್ತು ಲೋಟ ಸಿಹಿ ಪಾನಕ. ಈ ವರ್ಷದಿಂದ ನನಗೂ, ನನ್ನ ಜೊತೆ ಬರುವ ಸಿಸ್ಟರ್‌ಗಳಿಗೂ ಮಜ್ಜಿಗೆ ಅಥವಾ ನೀರು ಕೊಡಿ. ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೂ ಬಾಟಲಿ ಬೇಡ, ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ಇಡೋಣ. ಗುರುಮನೆಯಿಂದಲೇ ಶುರುವಾದರೆ ಬಡ ಮನೆಗಳಿಗೆ ಧೈರ್ಯ ಬರುತ್ತದೆ.

ಉಳಿಸಿದ್ದು ಯಾರಿಗೆ?

ಬೋವಜನು ಹೊಲದ ತೆನೆಯನ್ನೆಲ್ಲ ಬಳಿದುಕೊಳ್ಳಲಿಲ್ಲ. ರೂತಳಿಗೆ ಸಿಗಲೆಂದು ಕಟ್ಟಿನಿಂದ ಒಂದಿಷ್ಟನ್ನು ಬೇಕೆಂದೇ ಉದುರಿಸುವಂತೆ ಆಳುಗಳಿಗೆ ಹೇಳಿದನು. ಅನ್ನ ಎಸೆಯುವುದು ಬಡವರ ತಟ್ಟೆಯಿಂದ ಕದ್ದಂತೆ ಎಂಬ ಅರ್ಥದ ಮಾತನ್ನು ದಿವಂಗತ ಪೋಪ್ ಫ್ರಾನ್ಸಿಸ್‌ರವರು 2013ರಲ್ಲಿ ಆಡಿದರು. ನಾವು ಉಳಿಸಿದ ಒಂದು ಕಿಲೋ ಸಕ್ಕರೆಯ ಹಣ, ತರಿಸದ ಬಾಟಲಿಗಳ ಹಣ ಎಲ್ಲಿಗೆ ಹೋಗಬೇಕು? ಪ್ರತಿ ಮನೆಯಲ್ಲೂ ಒಂದು ಡಬ್ಬಿ ಇಡಿ. ಮಕ್ಕಳ ಕೈಯಿಂದಲೇ ಹಾಕಿಸಿ. ಆಗಮನ ಕಾಲದ ಮೊದಲ ಭಾನುವಾರ ಅದನ್ನು ಪೀಠದ ಮುಂದೆ ತನ್ನಿ. ನಮ್ಮ ಧರ್ಮಕೇಂದ್ರದಲ್ಲಿ ಡಯಾಲಿಸಿಸ್‌ಗೆ ಹೋಗುವವರ ಬಸ್ ಖರ್ಚಿಗೆ ಅದು ಸಲ್ಲಲಿ.

ಪ್ರಿಯರೇ, ಇಂದು ಪಾಯಸ ಉಣ್ಣಿ, ಸಂತೋಷದಿಂದ ಉಣ್ಣಿ, ಮಕ್ಕಳು ಕಬ್ಬು ಜಗಿಯಲಿ. ಹಬ್ಬ ಇರುವುದೇ ಅದಕ್ಕೆ. ನಾಳೆಯಿಂದ ಅಂಬಲಿ, ಗಂಜಿ, ಮಜ್ಜಿಗೆ. ಗೋದಿಯ ರೊಟ್ಟಿಯಲ್ಲಿ ತಮ್ಮನ್ನೇ ನಮಗೆ ಕೊಡುವ ಪ್ರಭು ನಮ್ಮ ಅಡುಗೆಮನೆಗಳನ್ನು ಆಶೀರ್ವದಿಸಲಿ. ಅಲ್ಲಿ ದುಡಿಯುವ ಕೈಗಳಿಗೆ ಬಲ ಕೊಡಲಿ, ಕಾಯಿಲೆಯವರನ್ನು ಸಂತೈಸಲಿ. ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.